ಲಾಕ್ಸ್‌ಟನ್: ಬದು ಒತ್ತಿದರೆ ಊರವರೇ ದಂಡ ಹಾಕುವ ಹಳ್ಳಿ

ನಾನು 34 ವರ್ಷ ಸರ್ವೆ ಇಲಾಖೆಯಲ್ಲಿ ಚೈನು ಎಳೆದವನು. ಹೆಚ್ಚಿನ ಕೆಲಸ ಹಾಸನ, ಮಂಡ್ಯ ಕಡೆ. ರಿಟೈರ್ ಆದ ಮೇಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಬಂದೆ. ಬಂದ ವಾರವೇ ಅವಳೂ ಅಳಿಯನೂ ಸೇರಿ ಒಂದು ಉಡುಗೊರೆ ಕೊಟ್ಟರು. ದಪ್ಪ ಕಾಗದದ ಸರ್ಟಿಫಿಕೇಟ್, ಕೆಳಗೆ ಚಿನ್ನದ ಬಣ್ಣದ ಮೊಹರು. ನಾನೀಗ ಒಂದು ಚದರಡಿ ಜಾಗದ ಒಡೆಯನಂತೆ. ಇನ್ನು ಮೇಲೆ ಹೆಸರಿನ ಹಿಂದೆ 'ಲಾರ್ಡ್' ಅಂತ ಹಾಕಿಕೊಳ್ಳಬಹುದಂತೆ. ಮಾರಿದ ವೆಬ್‌ಸೈಟಿನ ಹೆಸರು ಬೇಡ ಬಿಡಿ.

"ನಕ್ಷೆ ಎಲ್ಲಮ್ಮಾ? ಚೆಕ್ಕುಬಂದಿ ಏನು?" ಅಂತ ಕೇಳಿದೆ. ಎರಡೂ ಇಲ್ಲ. ಒಂದು ಚದರಡಿಗೆ ನಾಲ್ಕು ಮೂಲೆಗೂ ಬಾಂದುಕಲ್ಲು ನೆಟ್ಟರೆ ಜಾಗವೆಲ್ಲ ಕಲ್ಲಿಗೇ ಹೋಗುತ್ತದೆ. ಆ ಸರ್ಟಿಫಿಕೇಟಿಗೆ ನನ್ನ ಅಂಕ 5ಕ್ಕೆ ಸೊನ್ನೆ. ಕಾಗದ ಮಾತ್ರ ಚೆನ್ನಾಗಿದೆ.

ಮಗಳಿಗೆ ಬೇಜಾರಾಯಿತು. "ನಿಜವಾದ ಬದು, ನಿಜವಾದ ಲಾರ್ಡ್ ಇರೋ ಊರಿಗೇ ಕರ್ಕೊಂಡು ಹೋಗ್ತೀನಿ, ಬಾಪ್ಪಾ" ಅಂದಳು. ಹಾಗೆ ಡಿಸೆಂಬರ್ ಮೊದಲ ವಾರದ ಒಂದು ಭಾನುವಾರ ಲಾಕ್ಸ್‌ಟನ್‌ಗೆ ಹೋದೆವು. ಈ ವಿಮರ್ಶೆ ಆ ಊರಿನದ್ದು.

ಲಾಕ್ಸ್‌ಟನ್ ಇರುವುದು ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ, ಓಲರ್ಟನ್ ಎಂಬ ಪೇಟೆಯ ಹತ್ತಿರ. ಸಣ್ಣ ಹಳ್ಳಿ. ಇಟ್ಟಿಗೆಯ ಮನೆಗಳು, ಒಂದು ಚರ್ಚು, ಡವ್‌ಕೋಟ್ ಇನ್ ಅಂತ ಒಂದು ಪಬ್ಬು. ಕೆಲವು ತೋಟದ ಮನೆಗಳು ರಸ್ತೆಗೆ ಮುಖ ಕೊಡದೆ ಪಕ್ಕೆ ಕೊಟ್ಟು ನಿಂತಿವೆ. ಊರಾಚೆ ಹಳೆಯ ಕೋಟೆಯ ಮಣ್ಣಿನ ದಿಬ್ಬವಿದೆ. ಕಾರಿಂದ ಇಳಿದವರಿಗೆ "ಇಷ್ಟೇನಾ?" ಅನ್ನಿಸಬಹುದು. ನನಗೂ ಅನ್ನಿಸಿತು. ನೋಡಬೇಕಾದ್ದು ಇರುವುದು ಹೊಲದಲ್ಲಿ.

ಇಂಗ್ಲೆಂಡಿನ ಬಹಳಷ್ಟು ಹಳ್ಳಿಗಳಲ್ಲಿ 18, 19ನೇ ಶತಮಾನದ ಹೊತ್ತಿಗೆ ಕಾಯ್ದೆ ತಂದು, ಹೊಲಗಳನ್ನೆಲ್ಲ ಒಟ್ಟು ಮಾಡಿ ಬೇಲಿ ಹಾಕಿಬಿಟ್ಟರು. ಲಾಕ್ಸ್‌ಟನ್‌ನಲ್ಲಿ ಮಾತ್ರ ಹಳೆಯ ಪದ್ಧತಿ ಉಳಿದುಕೊಂಡಿದೆ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಅಂತ ಮೂರು ದೊಡ್ಡ ಬಯಲು. ಒಳಗೆ ಬೇಲಿ ಇಲ್ಲ. ಒಂದೊಂದು ಬಯಲಲ್ಲೂ ಬೇರೆ ಬೇರೆ ರೈತರ ಉದ್ದನೆಯ ಪಟ್ಟಿಗಳು. ಒಂದು ವರ್ಷ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬೆಳೆ, ಮೂರನೇ ವರ್ಷ ಬೀಳು. ಮೂರು ಬಯಲೂ ಸರದಿಯಲ್ಲಿ ತಿರುಗುತ್ತವೆ. ಯಾರೂ ತನಗೆ ತೋಚಿದ ಹಾಗೆ ಬಿತ್ತುವಂತಿಲ್ಲ.

ಗೋಧಿ ಹಾಕಿದ ಬಯಲಿಗೆ ಹೋದೆವು. ಪೈರು ಬೆರಳುದ್ದ ಎದ್ದಿತ್ತು. ಪಟ್ಟಿಯ ತಲೆಯಲ್ಲಿ ಒಂದು ಮರದ ಗೂಟ. ಹೊಸದು, ಬಡಿದ ಗುರುತು ಇನ್ನೂ ಬೆಳ್ಳಗಿತ್ತು. ನಾನು ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಆ ಗೂಟದಿಂದ ನೇರ ನೋಡಿದೆ. ಮಗಳು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರಾ ಅಂತ ನೋಡಿದಳು. ನೇಗಿಲ ಸಾಲು ಗೂಟಕ್ಕೆ ಸರಿಯಾಗಿ ನಿಂತಿತ್ತು. ಒಂದು ಕಡೆ ಮಾತ್ರ ಗೇಣುದ್ದ ಆಚೆ ಹೋದ ಹಾಗಿತ್ತು. ನನ್ನ ಕಣ್ಣೂ ಮೊದಲಿನಂತಿಲ್ಲ, ಇರಲಿ.

ಇಲ್ಲಿ ನನಗೊಂದು ಲೆಕ್ಕ ಹೊಳೆಯಿತು. ಹಳೇ ಇಂಗ್ಲಿಷ್ ಎಕರೆ ಅಂದರೆ 220 ಗಜ ಉದ್ದ, 22 ಗಜ ಅಗಲ. ಆ ಉದ್ದಕ್ಕೆ ಫರ್ಲಾಂಗು ಅಂತ ಹೆಸರು. ಒಂದು ನೇಗಿಲ ಸಾಲಿನ ಉದ್ದ ಅಂತಲೇ ಆ ಮಾತಿನ ಅರ್ಥ. ಅಗಲ ಒಂದು ಗುಂಟರ್ ಚೈನು, 66 ಅಡಿ. ನಾವು ಎಳೆಯುತ್ತಿದ್ದ ಚೈನು 33 ಅಡಿ, ಅದರ ಅರ್ಧ. ಅಂದರೆ ನಮ್ಮ ಚೈನಲ್ಲಿ 20 ಚೈನು ಉದ್ದ, 2 ಚೈನು ಅಗಲ. ಗುಣಿಸಿ ನೋಡಿ, 40. ನಮ್ಮ 40 ಗುಂಟೆ! ಜೀವನವಿಡೀ ಗುಂಟೆ ಲೆಕ್ಕ ಬರೆದ ನನಗೆ ಅದರ ಆಕಾರ ಕಣ್ಣೆದುರು ಕಂಡಿದ್ದು ಆವತ್ತೇ. ಈಗಿನ ಲಾಕ್ಸ್‌ಟನ್ ಪಟ್ಟಿಗಳು ಇದಕ್ಕಿಂತ ಅಗಲ. 20ನೇ ಶತಮಾನದ ಶುರುವಿನಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು.

ಬಯಲ ನಡುವೆ ಅಲ್ಲಲ್ಲಿ ಉಳದೆ ಬಿಟ್ಟ ಹುಲ್ಲುಗಾವಲಿನ ತುಂಡುಗಳಿವೆ. 'ಸೈಕ್' ಅನ್ನುತ್ತಾರೆ. ನಮ್ಮ ಖರಾಬು ಜಮೀನು ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಖರಾಬು ಅಂದರೆ ಮೊದಲು ಒತ್ತುವರಿ ಆಗುವುದೇ ಅದು, ಅಲ್ವಾ? ಇಲ್ಲಿ ಅದಕ್ಕೂ ಕಾವಲಿದೆ.

ಆ ಕಾವಲೇ ಕೋರ್ಟ್ ಲೀಟ್. ಪ್ರತಿ ವರ್ಷ ನವೆಂಬರ್ ಕೊನೆ, ಡಿಸೆಂಬರ್ ಶುರುವಿನ ಹೊತ್ತಿಗೆ ರೈತರದ್ದೇ ಒಂದು ಜ್ಯೂರಿ, ಅದಕ್ಕೊಬ್ಬ ಫೋರ್‌ಮನ್, ಗೋಧಿ ಬಯಲಿಗೆ ಇಳಿಯುತ್ತಾರೆ. ಯಾರು ಪಕ್ಕದವನ ಪಟ್ಟಿಗೆ ನೇಗಿಲು ಹಾಕಿದ್ದಾರೆ, ಯಾರು ದಾರಿ ಒತ್ತಿದ್ದಾರೆ, ಯಾರು ಸೈಕ್ ಉತ್ತಿದ್ದಾರೆ ಅಂತ ನೋಡುತ್ತಾರೆ. ಗೂಟ ಹೊಡೆಯುತ್ತಾರೆ. ಆಮೇಲೆ ಪಬ್ಬಿನಲ್ಲಿ ಊಟ. ಮುಂದಿನ ವಾರ ಅದೇ ಪಬ್ಬಿನಲ್ಲಿ ಕೋರ್ಟು ಕೂರುತ್ತದೆ. ಲಾರ್ಡ್ ಅಂದರೆ ಊರಿನ ಜಮೀನಿನ ಒಡೆಯ. ಅವನ ಪರವಾಗಿ ಸ್ಟುವರ್ಡ್, ಅಂದರೆ ಪಾರುಪತ್ಯಗಾರ, ಇರುತ್ತಾನೆ. ದಂಡ ಹಾಕುತ್ತಾರೆ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ಮಾಡಿಸುತ್ತಾರೆ. ಇದು ನಾಟಕವಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಇಂಥ ಹಳೇ ಕೋರ್ಟುಗಳ ಅಧಿಕಾರ ತೆಗೆದುಹಾಕಿದಾಗಲೂ ಲಾಕ್ಸ್‌ಟನ್ ಕೋರ್ಟಿನ ಅಧಿಕಾರ ಹಾಗೇ ಉಳಿಯಿತು. ಇಲ್ಲಿ ಹೊಲ ಇನ್ನೂ ಹಾಗೇ ನಡೆಯುತ್ತಿದೆಯಲ್ಲ, ಅದಕ್ಕೆ.

ನಾನು ಒಂದು ಹದ್ದುಬಸ್ತು ಅರ್ಜಿಗೆ ಒಂದೇ ಹೊಲಕ್ಕೆ ಐದು ಸಲ ಹೋಗಿ ಬಂದವನು. ಅಣ್ಣ ಬಂದರೆ ತಮ್ಮ ಬರುವುದಿಲ್ಲ. ಇಬ್ಬರೂ ಬಂದರೆ ಕಲ್ಲು ಇರುವುದಿಲ್ಲ. ಇಲ್ಲಿ ಅಳೆಯುವವನೇ ಪಕ್ಕದ ಪಟ್ಟಿಯವನು. ಈ ವರ್ಷ ಅವನು ನಿನ್ನ ಸಾಲು ನೋಡುತ್ತಾನೆ, ಇನ್ನೊಂದು ವರ್ಷ ನೀನು ಅವನದ್ದು. ಅದೇ ದಿನ ಒಟ್ಟಿಗೆ ಊಟಕ್ಕೂ ಕೂರಬೇಕು. ನನಗಂತೂ ಹೊಟ್ಟೆಕಿಚ್ಚಾಯಿತು.

ಹಾಗಂತ ಹಳೇ ಕಾಲವೇ ಚಿನ್ನ ಅಂತ ಯಾರೂ ತಿಳಿದುಕೊಳ್ಳಬೇಡಿ. ಪಬ್ಬಿನ ಹತ್ತಿರ ಸಣ್ಣ ಮಾಹಿತಿ ಕೇಂದ್ರವಿದೆ, ಊರಿನ ಕಥೆ ಅಲ್ಲಿ ಸಿಗುತ್ತದೆ. ಉಳಿದದ್ದನ್ನು ನಾನು ಮಗಳ ಮನೆಯಲ್ಲಿ ಕೂತು ಓದಿಕೊಂಡೆ. ಮಳೆಗಾಲವೇ ಮುಗಿಯದ ಊರಲ್ಲಿ ಬೇರೇನು ಕೆಲಸ?

700 ವರ್ಷದ ಹಿಂದೆ ಲಾರ್ಡ್‌ಗಳ ಇಂಥ ಹಳ್ಳಿ ಕೋರ್ಟು ಹಲವು ಕಡೆ ಮೂರು ವಾರಕ್ಕೊಮ್ಮೆ ಕೂರುತ್ತಿತ್ತು. ಒಕ್ಕಲುಗಳು ಬರಲೇಬೇಕು. ಬರದಿದ್ದರೆ ದಂಡ, ಇಲ್ಲವೇ ಬೇರೆಯವರ ಕೈಲಿ ಕಾರಣ ಹೇಳಿ ಕಳಿಸಬೇಕು. ನಡೆಸುವವನು ಲಾರ್ಡ್‌ನ ಸ್ಟುವರ್ಡ್, ತೀರ್ಪು ಹೇಳುವವರು ಒಕ್ಕಲುಗಳೇ. ದಂಡ ಎಷ್ಟು ಅಂತ ಗೊತ್ತು ಮಾಡಲೂ ಅವರಲ್ಲೇ ಇಬ್ಬರು ಮೂವರನ್ನು ಆರಿಸುತ್ತಿದ್ದರು. ಹಸು ಪಕ್ಕದ ಬೆಳೆಗೆ ನುಗ್ಗಿತಾ? ದಂಡ. ಲಾರ್ಡ್‌ನ ಗಿರಣಿ ಬಿಟ್ಟು ಬೇರೆ ಕಡೆ ಹಿಟ್ಟು ಬೀಸಿಸಿದೆಯಾ? ದಂಡ. ಮನೆಯಲ್ಲಿ ಬಿಯರ್ ಕಾಸಿ ಮಾರುವ ಹೆಂಗಸರಿಗೆ ಕೋರ್ಟು ಕೂತಾಗಲೆಲ್ಲ ದಂಡ. ಅದೇ ಹೆಸರುಗಳು, ಹೆಚ್ಚು ಕಮ್ಮಿ ಅದೇ ಮೊತ್ತ. ಹೆಸರಿಗೆ ದಂಡ, ನಿಜಕ್ಕೆ ಲೈಸೆನ್ಸ್ ಫೀ. ಬಿಯರ್ ರುಚಿ ನೋಡಿ ವರದಿ ಕೊಡಲು ಊರಿಗೊಬ್ಬಿಬ್ಬರು ನೌಕರರು ಬೇರೆ! ಇಂಥ ಪೋಸ್ಟಿಂಗ್ ನಮ್ಮ ಇಲಾಖೆಯಲ್ಲಿ ಇರಲಿಲ್ಲ. ಬೀಡಾಡಿ ದನ ಹಿಡಿದು ದೊಡ್ಡಿಗೆ ತುಂಬುವ ಪಿಂಡರ್ ಅನ್ನುವವನೂ ಇರುತ್ತಿದ್ದ. ಅವನ ಗುರುತು ನನಗೆ ಚೆನ್ನಾಗಿ ಸಿಕ್ಕಿತು, ನಮ್ಮೂರಲ್ಲೂ ದೊಡ್ಡಿ ಇತ್ತು.

ಎಲ್ಲಕ್ಕಿಂತ ಕಷ್ಟ 'ವಿಲನ್'ಗಳದ್ದು. ಹೌದು, ಅದೇ ಪದ. ಆಗ ಅದರ ಅರ್ಥ ಬರೀ ಹಳ್ಳಿಯ ಒಕ್ಕಲು, ಲಾರ್ಡ್‌ಗೆ ಕಟ್ಟುಬಿದ್ದವನು. ಮಗಳ ಮದುವೆ ಮಾಡಬೇಕಾದರೆ ಲಾರ್ಡ್‌ಗೆ ದುಡ್ಡು. ಊರು ಬಿಟ್ಟು ಬೇರೆ ಕಡೆ ಇರಬೇಕಾದರೆ ವರ್ಷಾ ವರ್ಷ ದುಡ್ಡು. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿ ಇರುವುದರಲ್ಲೇ ಒಳ್ಳೆಯ ದನ ಲಾರ್ಡ್‌ಗೆ. ಅದಕ್ಕೆ ಹೆರಿಯಟ್ ಅಂತ ಹೆಸರು. 1349ರಲ್ಲಿ ಪ್ಲೇಗು ಬಂದಾಗಿನ ಕೋರ್ಟ್ ದಾಖಲೆಗಳಲ್ಲಿ ಸಾವಿನ ಪಟ್ಟಿ ಅಂತ ಬೇರೆ ಇಲ್ಲ. ಇಂಥವನು ಸತ್ತ, ಹೆರಿಯಟ್ ಒಂದು ಹಸು. ಇಂಥವಳು ಸತ್ತಳು, ಹೆರಿಯಟ್ ಒಂದು ಎತ್ತು. ಇಂಥವನು ಸತ್ತ, ಕೊಡಲು ಏನೂ ಇಲ್ಲ. ಸಾಲಿನ ಮೇಲೆ ಸಾಲು. ಗುಮಾಸ್ತ ದನ ಎಣಿಸುತ್ತಾ ಹೋಗಿದ್ದಾನೆ.

ಜಮೀನು ಕೈ ಬದಲಾಗುವ ರೀತಿ ನನಗೆ ಬಹಳ ಹಿಡಿಸಿತು. ಬಿಡುವವನು ಕೋರ್ಟಿನಲ್ಲಿ ಸ್ಟುವರ್ಡ್‌ನ ಮುಂದೆ ಒಂದು ಕೋಲು ಹಿಡಿದು ಜಮೀನು ಒಪ್ಪಿಸಬೇಕು. ತಗೊಳ್ಳುವವನು ಅದೇ ಕೋಲು ಹಿಡಿದು ಪಡೆಯಬೇಕು, ಒಂದಷ್ಟು ಹಣ ಕಟ್ಟಬೇಕು. ಗುಮಾಸ್ತ ಅದನ್ನು ತೊಗಲಿನ ಸುರುಳಿಯಲ್ಲಿ ಬರೆದುಕೊಳ್ಳುತ್ತಾನೆ. ಬರುಬರುತ್ತಾ ಆ ಸಾಲಿನ ನಕಲೇ ರೈತನ ಕೈಯಲ್ಲಿನ ಹಕ್ಕುಪತ್ರವಾಯಿತು. ಅದಕ್ಕೇ 'ಕಾಪಿಹೋಲ್ಡ್' ಅಂತ ಹೆಸರು ಬಿತ್ತು. ಅಂದರೆ ಮ್ಯುಟೇಷನ್ ಮಾಡಿ ಪಹಣಿ ಕೈಗೆ ಕೊಟ್ಟ ಹಾಗೆ, ಅದೂ ಊರವರ ಎದುರಿಗೆ. ಈ ಪದ್ಧತಿ ಪೂರ್ತಿ ರದ್ದಾಗಿದ್ದು 1926ರ ಜನವರಿ 1ಕ್ಕೆ. ವೇಕ್‌ಫೀಲ್ಡ್ ಎಂಬ ಮ್ಯಾನರ್‌ನ, ಅಂದರೆ ಒಬ್ಬ ಲಾರ್ಡ್‌ನ ಕೈಕೆಳಗಿನ ಜಹಗೀರಿನ, ಸುರುಳಿಗಳು 1274ರಿಂದ ಶುರುವಾಗಿ ಅಲ್ಲಿವರೆಗೂ ಬರುತ್ತವೆ. ಈಗ ಲೀಡ್ಸ್ ವಿಶ್ವವಿದ್ಯಾಲಯದಲ್ಲಿವೆ.

1381ರ ರೈತರ ದಂಗೆಯಲ್ಲಿ ಜನ ಊರೂರಲ್ಲಿ ಇಂಥ ಸುರುಳಿಗಳನ್ನೇ ಹುಡುಕಿ ಸುಟ್ಟರು. ರೆಕಾರ್ಡ್ ರೂಮಿಗೆ ಬೆಂಕಿ ಅಂದರೆ ನನಗೆ ಎದೆ ಧಸಕ್ ಅನ್ನುತ್ತದೆ. ಆದರೆ ಅವರ ಜೀತ ಬರೆದಿದ್ದದ್ದೂ ಅಲ್ಲೇ. ನಮ್ಮಲ್ಲಿ 1974ರ 'ಉಳುವವನೇ ಹೊಲದೊಡೆಯ' ಕಾಯ್ದೆ ಬಂದಾಗ ಇದು ಉಲ್ಟಾ. ಉಳುವ ಜಮೀನು ತಮ್ಮದಾಗಲಿ ಅಂತ ಫಾರಂ 7 ಅರ್ಜಿ ಹಾಕಿದ ಗೇಣಿದಾರರು ಪಹಣಿಯಲ್ಲಿ ತಮ್ಮ ಹೆಸರಿನ ಒಂದೇ ಒಂದು ಸಾಲು ಇದ್ದರೆ ಸಾಕು ಅಂತ ತಾಲ್ಲೂಕು ಕಚೇರಿಗೆ ಅಲೆದಿದ್ದನ್ನು ನಮ್ಮ ಹಿರಿಯ ಸರ್ವೇಯರ್‌ಗಳು ಹೇಳುತ್ತಿದ್ದರು.

ಸರಿ, ಊರಿಗೆ ವಾಪಸ್ ಬರೋಣ. ಲಾಕ್ಸ್‌ಟನ್‌ನಲ್ಲಿ ನನ್ನ ಕೈ ಮುಗಿಸಿಕೊಂಡಿದ್ದು ಒಂದು ನಕ್ಷೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೇಯರ್ ಈ ಊರಿನ ಒಂದೊಂದು ಪಟ್ಟಿಯನ್ನೂ ಅಳೆದು ಬರೆದಿದ್ದಾನೆ. ಮೂಲ ನಕ್ಷೆ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಮಗಳು ಫೋನಿನಲ್ಲಿ ಅದರ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಪಟ್ಟಿಗಳ ಮೇಲೆ ಪುಟ್ಟ ಪುಟ್ಟ ಮನುಷ್ಯರು. ಒಬ್ಬ ಉಳುತ್ತಿದ್ದಾನೆ, ಕೆಲವರು ಕೊಯ್ಯುತ್ತಿದ್ದಾರೆ. ನಾವು ಟಿಪ್ಪಣಿ ಬರೆಯುವಾಗ ಬಾವಿಗೊಂದು ಗುಂಡು ಸುತ್ತಿ ಮುಂದೆ ಹೋಗುತ್ತಿದ್ದೆವು. ಈ ಪುಣ್ಯಾತ್ಮ ರೈತನನ್ನೇ ಬರೆದಿದ್ದಾನೆ.

ಇನ್ನು ಲಾರ್ಡ್. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಈ ಜಮೀನನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದ. 1981ರಲ್ಲಿ ಅರಸೊತ್ತಿಗೆಯ ಜಮೀನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್‌ನವರು ಕೊಂಡರು. ಲಾರ್ಡ್ ಬದಲಾದರೂ ಗೂಟ ಹೊಡೆಯುವುದು ನಿಂತಿಲ್ಲ.

ಹೋಗುವವರಿಗೆ ಎರಡು ಮಾತು. ಬಸ್ಸು ನಂಬಬೇಡಿ, ಕಾರೇ ಸರಿ. ನಾಟಿಂಗ್‌ಹ್ಯಾಮ್‌ನಿಂದ ಒಂದು ಗಂಟೆಯೊಳಗೆ ಮುಟ್ಟಬಹುದು. ಮಾಹಿತಿ ಕೇಂದ್ರ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಗಮ್‌ಬೂಟ್ ಬೇಕೇ ಬೇಕು. ನಾನು ಬಾಟಾ ಚಪ್ಪಲಿಗೆ ಸಾಕ್ಸು ಹಾಕಿ ಹೋಗಿದ್ದೆ. ಅಂಟುಮಣ್ಣು, ಒಂದು ಚಪ್ಪಲಿ ಅಲ್ಲೇ ಕಚ್ಚಿಕೊಂಡಿತು, ಮಗಳು ಕಿತ್ತು ಕೊಟ್ಟಳು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಪಟ್ಟಿಯ ಮೇಲೆ ಕಾಲಿಡಬೇಡಿ, ನಡುವಿನ ದಾರಿಯಲ್ಲೇ ನಡೆಯಿರಿ. ಮಕ್ಕಳಿಗೆ ಆಡಲು ಏನೂ ಇಲ್ಲ. ಜಮೀನು ಇದ್ದವರು, ಜಮೀನಿನ ಕೇಸು ಇದ್ದವರು ಖಂಡಿತ ಹೋಗಿ.

ನನ್ನ ಅಂಕ 5ಕ್ಕೆ 4. ಒಂದು ಕಳೆದಿದ್ದು ನನ್ನದೇ ತಪ್ಪಿಗೆ. ಜ್ಯೂರಿ ಬಯಲಿಗೆ ಇಳಿದ ದಿನ ತಪ್ಪಿಹೋಯಿತು, ನಾವು ಹೋಗುವಷ್ಟರಲ್ಲಿ ಗೂಟ ಹೊಡೆದಾಗಿತ್ತು. ಮುಂದಿನ ಸಲ ನವೆಂಬರ್ ನಡುವಿಗೇ ಟಿಕೆಟ್ ಮಾಡು ಅಂತ ಮಗಳಿಗೆ ಹೇಳಿದ್ದೇನೆ. ಆ ಗೇಣುದ್ದದ ವಿಷಯ ಅವರ ಕಣ್ಣಿಗೆ ಬಿತ್ತೋ ಇಲ್ಲವೋ, ಕೇಳಬೇಕು.