ಮೂಗಿನ ರಕ್ತದ ನೆಪದಲ್ಲಿ ಕೊಂಡ ಬಿಪಿ ಯಂತ್ರ

ಕಳೆದ ಮೇ ತಿಂಗಳ ಒಂದು ರಾತ್ರಿ ರಾಯಚೂರಿನ ನಮ್ಮ ಮನೆಯಲ್ಲಿ ಅಪ್ಪನ ಮೂಗಿನಿಂದ ರಕ್ತ ಸುರಿಯತೊಡಗಿತು. ನೆತ್ತಿಗೆ ತಣ್ಣೀರು ತಟ್ಟಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಉಳ್ಳಾಗಡ್ಡಿ ಮೂಸಿಸಿದರೂ ನಿಲ್ಲದಿದ್ದಾಗ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ರಕ್ತದೊತ್ತಡ 182/104 ಎಂದು ಬಂದದ್ದೇ ತಡ, ಬಿಪಿ ಏರಿ ನರ ಒಡೆದಿದೆ ಎಂದು ನೆಂಟರೆಲ್ಲ ತೀರ್ಮಾನಿಸಿಬಿಟ್ಟರು. ಮರುದಿನ ನೋಡಿದ ಮೂಗಿನ ತಜ್ಞರು ಮಾತ್ರ, ರಕ್ತ ಕಂಡು ಗಾಬರಿಯಾದವರ ಬಿಪಿ ಏರಿಯೇ ಇರುತ್ತದೆ, ಒಂದು ವಾರ ಮನೆಯಲ್ಲಿ ಅಳೆದು ಬರೆದು ತನ್ನಿ ಎಂದರು. ಹಾಗೆ ಕೊಂಡ, ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಯಂತ್ರದ ಬಗ್ಗೆ, ಏಳೆಂಟು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲ ದೋಷ ಪಟ್ಟಿಯದ್ದೇ. ಪೆಟ್ಟಿಗೆಯಲ್ಲಿದ್ದ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ, ಅಪ್ಪನ ತೋಳು 35 ಸೆಂ.ಮೀ. ಪಟ್ಟಿ ಚಿಕ್ಕದಾದರೆ ಯಂತ್ರ ಇಲ್ಲದ ಬಿಪಿಯನ್ನೂ ತೋರಿಸುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ಮೂರು ದಿನ 160ರ ಆಸುಪಾಸು ಬರುತ್ತಿದ್ದ ಅಂಕಿ, ಪ್ರತ್ಯೇಕವಾಗಿ ಹಣ ಕೊಟ್ಟು ತರಿಸಿದ ದೊಡ್ಡ ಪಟ್ಟಿಯಲ್ಲಿ 147ಕ್ಕೆ ಇಳಿಯಿತು. ಈ ಅಳತೆಯನ್ನು ಪೆಟ್ಟಿಗೆಯ ಹೊರಗೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಅದು ಇದ್ದದ್ದು ಒಳಗಿನ ಕೈಪಿಡಿಯ ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ಮನೆಯ ಅಳತೆಯಲ್ಲಿ 135/85 ದಾಟಿದರೆ ಹೆಚ್ಚೆಂದೇ ಲೆಕ್ಕವಾದ್ದರಿಂದ ಅಪ್ಪನಿಗೆ ಬಿಪಿ ಇರುವುದು ನಿಜವೇ ಆಯಿತು, ಮಾತ್ರೆಯೂ ಶುರುವಾಯಿತು. ಆದರೆ ರಕ್ತ ಬಂದದ್ದಕ್ಕೆ ವೈದ್ಯರು ಹುಡುಕಿದ ಕಾರಣ ಬೇರೆ: ಮೂಗಿನ ನಡುಗೋಡೆಯ ಮುಂಭಾಗದಲ್ಲಿ ತೆಳು ಪೊರೆಯಡಿ ಹೆಣೆದುಕೊಂಡಿರುವ ಸಣ್ಣ ರಕ್ತನಾಳಗಳು ಬೇಸಿಗೆಯ ಒಣಹವೆಗೆ ಬಿರಿದಿದ್ದವು, ಅದರ ಮೇಲೆ ಹೃದಯಕ್ಕೆಂದು ಅಪ್ಪ ನಿತ್ಯ ನುಂಗುವ ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡಿತ್ತು. ಬಿಪಿ ಹೆಚ್ಚಿರುವವರಲ್ಲಿ ಮೂಗಿನ ರಕ್ತಸ್ರಾವ ಹೆಚ್ಚಾಗಿ ಕಂಡರೂ ಅದೇ ನೇರ ಕಾರಣವೆಂದು ಸಿದ್ಧವಾಗಿಲ್ಲವೆಂದೂ, ಒಮ್ಮೆ ಶುರುವಾದ ರಕ್ತ ಬೇಗ ನಿಲ್ಲದಂತೆ ಅದು ಮಾಡಬಹುದೆಂದೂ ಅವರು ವಿವರಿಸಿದರು.

ರಕ್ತ ಕಂಡ ಗಾಬರಿಗೇ ಬಿಪಿ ಏರುತ್ತದೆ ಎಂಬುದನ್ನು ಯಂತ್ರವೇ ನಮಗೆ ತೋರಿಸಿಕೊಟ್ಟಿತು. ಚಳಿಗಾಲದಲ್ಲಿ ಮತ್ತೊಮ್ಮೆ ರಕ್ತ ಬಂದಾಗ ಅಪ್ಪನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ನಡುವೆ ಬಿಡದೆ ಹದಿನೈದು ನಿಮಿಷ ಹಿಡಿದೆವು. (ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆಯೇ ಗತಿ; ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗಿಳಿಯುತ್ತದೆ, ಅಷ್ಟೆ.) ಆಗ ಅಳೆದರೆ 168, ಅರ್ಧ ಗಂಟೆ ಸುಮ್ಮನೆ ಕೂತ ಮೇಲೆ, ಬೇರೆ ಯಾವ ಮಾತ್ರೆಯೂ ಇಲ್ಲದೆ, 138.

ಅಳೆಯುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ, ಮಾತಾಡದೆ ಇರಬೇಕು. ಅಪ್ಪನಿಗೆ ಕಷ್ಟವಾದದ್ದು ಈ ಕೊನೆಯದು. ಅಂಕಿಗಳು ದೊಡ್ಡದಾಗಿವೆ, ಕನ್ನಡಕವಿಲ್ಲದೆಯೂ ಕಾಣುತ್ತವೆ. ನೆನಪಿನ ವ್ಯವಸ್ಥೆ ಮಾತ್ರ ಸಾಲದು. ಇಬ್ಬರ ಲೆಕ್ಕವನ್ನು ಬೇರೆಬೇರೆಯಾಗಿ ಇಡುವ ಗುಂಡಿಯನ್ನು ಒತ್ತಲು ಮರೆತು ಅಮ್ಮನ 118 ಅಪ್ಪನ ಸರಾಸರಿಗೆ ಸೇರಿಕೊಂಡಿತು, ಅದೊಂದನ್ನೇ ಅಳಿಸಲು ದಾರಿಯಿರಲಿಲ್ಲ. ಅಂದಿನಿಂದ ಅಪ್ಪ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಡುತ್ತಾರೆ, ವೈದ್ಯರ ಬಳಿ ಹೋಗುವಾಗ ಆ ತಿಂಗಳ ಹಾಳೆಯನ್ನೇ ಹರಿದುಕೊಂಡು ಹೋಗುತ್ತೇವೆ.