ನಡಿಗೆ ಆ್ಯಪ್ ಡೇಟಾಗೆ ಜಿಇಇನಾ, ಡಬ್ಲ್ಯೂಸಿಎಲ್‌ಎಸ್ಸಾ?

ಫೋನಿಗೆ "ಸ್ವಲ್ಪ ನಡೀರಿ" ಅಂತ ಚೀಟಿ ಎತ್ತಿದ ಹಾಗೆ ಒಮ್ಮೆ ಮೆಸೇಜ್ ಕಳ್ಸಿ, ಒಮ್ಮೆ ಬಿಟ್ಟು, ಅದರ ಪರಿಣಾಮ ವಾರ ವಾರಕ್ಕೆ ಹೇಗೆ ಬದಲಾಗತ್ತೆ ಅಂತ ನೋಡೋರಿಗೆ ಇದು. ಜಿಇಇ (ಒಬ್ಬರಿಂದಲೇ ಮತ್ತೆ ಮತ್ತೆ ತಗೊಂಡ ಅಳತೆಗಳನ್ನ ಒಟ್ಟಿಗೆ ನೋಡೋ ಲೆಕ್ಕದ ವಿಧಾನ) ಅಂಕಿಅಂಶದ ಹೆಚ್ಚಿನ ಸಾಫ್ಟ್‌ವೇರಲ್ಲೂ ಸಿಗತ್ತೆ, ಸುಲಭ. ಆದ್ರೆ ಶಿರಸಿ ಮಳೆಗಾಲ ನೆನಪು ಮಾಡ್ಕೊಳ್ಳಿ, ಹೊರಗೆ ಜಡಿಮಳೆ, ಮನುಷ್ಯ ಜಗಲಿ ಮೇಲೆ ಅಡಿಕೆ ಸುಲೀತಾ ಕೂತಿದಾನೆ, ಹಿಂದಿನ ಅರ್ಧ ಗಂಟೆ ಎಷ್ಟು ನಡೆದ ಅನ್ನೋದನ್ನ ನೀವು ಮಾಡೆಲ್‌ಗೆ ಹಾಕ್ತೀರಿ, ಆ ನಡಿಗೆನೇ ಬೆಳಗಿನ ಮೆಸೇಜಿಂದ ಬದಲಾಗಿದ್ರೆ ಜಿಇಇ ಅಂದಾಜು ಓರೆಯಾಗ್ಬಹುದು.

2018ರಲ್ಲಿ ಬೊರುವ್ಕಾ, ಮರ್ಫಿ ಮತ್ತಿತರ ಸಂಶೋಧಕರು ಕೊಟ್ಟ ವಿಧಾನ ಡಬ್ಲ್ಯೂಸಿಎಲ್‌ಎಸ್ (ವೆಯ್ಟೆಡ್ ಅಂಡ್ ಸೆಂಟರ್ಡ್ ಲೀಸ್ಟ್ ಸ್ಕ್ವೇರ್ಸ್). ಮೆಸೇಜ್ ಹೋಯ್ತಾ (1), ಇಲ್ವಾ (0) ಅನ್ನೋದರಿಂದ ಅದು ಹೋಗೋ ಸಂಭವನೀಯತೆನ ಕಳೆದು, ತೂಕ ಹಾಕಿ ಲೆಕ್ಕ ಮಾಡತ್ತೆ, ಹಾಗಾಗಿ ಉಳಿದ ಮಾಡೆಲ್ ತಪ್ಪಿದ್ರೂ ಪರಿಣಾಮ ಕೆಡಲ್ಲ. ಆ ಸಂಭವನೀಯತೆ ಮಾತ್ರ ದಾಖಲಾಗಿರ್ಲೇಬೇಕು. ದೇವಿಮನೆ ಘಟ್ಟದಲ್ಲಿ ಬೈಕ್ ಓಡಿಸ್ತಿರೋರಿಗೆ ಮೆಸೇಜ್ ಹೋಗ್ಬಾರ್ದು, ಆ ಹೊತ್ತು ಲೆಕ್ಕದಿಂದ ಹೊರಗೆ.

ಸಮಯನ ಬಿಟ್ಟು ಬರೀ ಸರಾಸರಿ ನೋಡ್ಬೇಡಿ ಪ್ಲೀಸ್. ಇಂಥದೇ ಮೆಸೇಜ್ ಕಳ್ಸಿದ ಅಮೆರಿಕದ ಹಾರ್ಟ್‌ಸ್ಟೆಪ್ಸ್ ಪ್ರಯೋಗದಲ್ಲಿ (37 ಜನ, 6 ವಾರ, ದಿನಕ್ಕೆ 5 ಸಲ) ಮೆಸೇಜ್ ಬಂದಾಗ ಮುಂದಿನ 30 ನಿಮಿಷದ ಹೆಜ್ಜೆ, ಬರದೇ ಇದ್ದಾಗಿಗಿಂತ ಸರಾಸರಿ 14% ಜಾಸ್ತಿ, ಆದ್ರೆ ಶುರುವಲ್ಲಿ 66% ಇತ್ತು, ಆಮೇಲೆ ಇಳೀತು.

ನನ್ನ ಆಯ್ಕೆ ಡಬ್ಲ್ಯೂಸಿಎಲ್‌ಎಸ್. ಫಲಿತಾಂಶ "ನಡೆದ್ರಾ, ಇಲ್ವಾ" ಅಷ್ಟೇ ಆದ್ರೆ ಇಎಂಇಇ (ಹೌದು-ಇಲ್ಲ ಫಲಿತಾಂಶಕ್ಕೆ ಇರೋ ಇಂಥದೇ ವಿಧಾನ) ತಗೊಳ್ಳಿ.