ಬೊಲಿವಿಯಾನಾ, ನ್ಯೂಜಿಲೆಂಡಾ? ಮೂಲನಿವಾಸಿ ಕಾನೂನು ಓದುವವರಿಗೆ

ಮೂಲನಿವಾಸಿಗಳ ಕಾನೂನಿಗೂ ದೇಶದ ಕಾನೂನಿಗೂ ಇರುವ ನಂಟು ಓದಲು ಒಂದು ದೇಶ ಆರಿಸಬೇಕಾ? ಈ ಎರಡನ್ನು ನೋಡಿ.

ಬೊಲಿವಿಯಾದ 2009ರ ಸಂವಿಧಾನ ಮೂಲನಿವಾಸಿ ನ್ಯಾಯವ್ಯವಸ್ಥೆಗೆ ಸಾಮಾನ್ಯ ಕೋರ್ಟುಗಳಷ್ಟೇ ಸ್ಥಾನ ಕೊಟ್ಟಿತು. ದೊಡ್ಡ ಮಾತು, ಅಲ್ವಾ? ಆದರೆ 2010ರ ಕಾನೂನು ಕೊಲೆ, ಅತ್ಯಾಚಾರದ ಜೊತೆಗೆ ಗಣಿ, ಅರಣ್ಯ, ತೆರಿಗೆಯನ್ನೂ ಅದರ ಕೈಯಿಂದ ತಪ್ಪಿಸಿತು. ಕೊಲೆ ವಿಚಾರದಲ್ಲಿ ಕಾರಣ ಅರ್ಥವಾಗುತ್ತದೆ. ತಮ್ಮ ನೆಲದ ಗಣಿಯ ಬಗ್ಗೆ ಮಾತಿಲ್ಲದಿರುವುದು ನನಗಂತೂ ಅನ್ಯಾಯ ಅನಿಸುತ್ತದೆ. ಇದನ್ನು ಆರಿಸಿದರೆ ಸ್ಪ್ಯಾನಿಷ್ ಬೇಕೇ ಬೇಕು.

ನ್ಯೂಜಿಲೆಂಡಿನ ದಾರಿ ಬೇರೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಟಿಕಂಗಾ, ಅಂದರೆ ಅವರ ರೂಢಿ-ಕಟ್ಟಳೆ, ದೇಶದ ಕೋರ್ಟಿನ ಒಳಗೇ ಬರುತ್ತದೆ. 2017ರ ಕಾನೂನು ವಾಂಗನುಯಿ ನದಿಯನ್ನು ಕಾನೂನಿನ ವ್ಯಕ್ತಿ, ಅಂದರೆ ಮನುಷ್ಯರಂತೆ ಹಕ್ಕು-ಹೊಣೆ ಇರುವುದು ಎಂದಿತು. ನದಿಯ ಪರ ಮಾತಾಡಲು ಇಬ್ಬರು: ಒಬ್ಬರು ಸರ್ಕಾರ ಸೂಚಿಸಿದವರು, ಇನ್ನೊಬ್ಬರು ಮಾವೊರಿ ಬುಡಕಟ್ಟುಗಳು ಸೂಚಿಸಿದವರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಶಿಕ್ಷೆಯಾಗಿದ್ದ ಪೀಟರ್ ಎಲ್ಲಿಸ್ ಪ್ರಕರಣ ಇನ್ನೂ ಜಾಸ್ತಿ ಹಿಡಿದಿಡುತ್ತದೆ. ಆತ 2019ರಲ್ಲಿ ತೀರಿಕೊಂಡರೂ ಮೇಲ್ಮನವಿ ನಿಲ್ಲಲಿಲ್ಲ. ಸತ್ತವರಿಗೂ ಮಾನವಿದೆ ಎಂಬ ಟಿಕಂಗಾ ವಾದವನ್ನು, ಆತ ಮಾವೊರಿ ಅಲ್ಲದಿದ್ದರೂ, ಸುಪ್ರೀಂ ಕೋರ್ಟ್ ಕೇಳಿಸಿಕೊಂಡಿತು. 2022ರಲ್ಲಿ ಆತನ ಶಿಕ್ಷೆಯ ತೀರ್ಪುಗಳನ್ನು ರದ್ದು ಮಾಡಿತು.

ತೀರ್ಪು ಓದುವ ಆಸೆಯಿದ್ದರೆ ನ್ಯೂಜಿಲೆಂಡ್ ಹಿಡಿಯಿರಿ. ಅಧಿಕಾರ ಹಂಚಿಕೆಯ ಜಗಳ ಅರಿಯಬೇಕಿದ್ದರೆ ಬೊಲಿವಿಯಾ.